ಬರವಣಿಗೆಯ ನೀತಿ

ಮನುಷ್ಯನು ಮಾತನಾಡುವಾಗ ಅವನ ಮಾತಿಗೆ ಅನೇಕ ನೆರವುಗಳಿರುತ್ತವೆ. ದನಿಯ ಏರಿಳಿತ, ಕಣ್ಣಿನ ನೋಟ, ಕೈಯ ಸನ್ನೆ, ನಡುವೆ ನಡುವೆ ತಡೆದು ನಿಲ್ಲುವ ಮೌನ ಇವೆಲ್ಲವೂ ಅರ್ಥವನ್ನು ಕೇಳುವವನ ಮನಸ್ಸಿಗೆ ಮುಟ್ಟಿಸುತ್ತವೆ. ಇಷ್ಟಾಗಿಯೂ ತಿಳಿಯದಿದ್ದರೆ ಅವನು "ಏನೆಂದಿರಿ?" ಎಂದು ಮರಳಿ ಕೇಳಬಲ್ಲನು. ಬರಹಕ್ಕೆ ಈ ಭಾಗ್ಯವಿಲ್ಲ. ಬರೆದವನು ಒಂದು ಊರಿನಲ್ಲಿ, ಓದುವವನು ಇನ್ನೊಂದು ಊರಿನಲ್ಲಿ. ಎಷ್ಟೋ ವೇಳೆ ಬರೆದವನು ಗತಿಸಿ ನೂರಾರು ವರ್ಷಗಳಾದ ಮೇಲೆ ಓದುವವನು ಹುಟ್ಟುತ್ತಾನೆ. ಓದುಗನ ಸಂದೇಹಕ್ಕೆ ಉತ್ತರ ಕೊಡಲು ಬರೆದವನು ಅಲ್ಲಿ ಇರುವುದಿಲ್ಲ. ಅವನ ಪರವಾಗಿ ಅಲ್ಲಿ ನಿಂತಿರುವವು ಅಕ್ಷರಗಳು, ಪ್ರತ್ಯಯಗಳು, ಕ್ರಿಯಾಪದಗಳು ಮತ್ತು ಕೆಲವು ಚಿಕ್ಕ ಚಿಹ್ನೆಗಳು ಮಾತ್ರ.

ಹೀಗಿರುವಾಗ ವ್ಯಾಕರಣ, ಲೇಖನಚಿಹ್ನೆ, ಶೈಲಿ ಎಂಬಿವು ಕೇವಲ ಶಾಲೆಯ ಪಾಠಗಳೇ, ಅಥವಾ ಅವುಗಳಲ್ಲಿ ನೀತಿಯ ಅಂಶವೂ ಅಡಗಿದೆಯೇ ಎಂಬ ಪ್ರಶ್ನೆ ಏಳುತ್ತದೆ. ಅಸ್ಪಷ್ಟವಾಗಿ ಬರೆಯುವವನಲ್ಲಿರುವುದು ಜಾಣ್ಮೆಯ ಕೊರತೆಯೇ? ಇಲ್ಲವೆ ಅದು ನಡತೆಯ ದೋಷವೂ ಆಗಬಲ್ಲುದೇ? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ. ನನ್ನ ಕೈಯಿಂದಲೇ ಆದ ಒಂದು ತಪ್ಪಿನಿಂದ ಹುಟ್ಟಿದುದು. ಅದನ್ನು ಮೊದಲು ನಿವೇದಿಸಿಕೊಂಡು ಮುಂದುವರಿಯುವುದು ಯುಕ್ತ.

ನಾನು ತರುಣನಾಗಿದ್ದಾಗ ಪರಿಚಿತ ಮನೆತನವೊಂದರ ಅಣ್ಣತಮ್ಮಂದಿರು ಬೇರೆಯಾದರು. ನಾಲ್ಕಕ್ಷರ ಬಲ್ಲವನೆಂದು ಹಿರಿಯರು ಪಾಲಿನ ಕಾಗದವನ್ನು ನನ್ನಿಂದ ಬರೆಯಿಸಿದರು. ಅದರಲ್ಲಿ ನಾನು, "ಹಳ್ಳದ ಪಕ್ಕದ ಹೊಲ ಮತ್ತು ತೋಟದ ಅರ್ಧಭಾಗ ಕಿರಿಯನಿಗೆ ಸೇರತಕ್ಕದ್ದು" ಎಂದು ಬರೆದೆನು. ಎಲ್ಲರೂ ಕೇಳಿ ತಲೆದೂಗಿದರು. ತಂದೆಯವರು ಬದುಕಿರುವವರೆಗೂ ಯಾವ ತೊಡಕೂ ಬರಲಿಲ್ಲ. ಅವರು ಲಿಂಗೈಕ್ಯರಾದ ಮೇಲೆ ಕಿರಿಯನು, "ಹೊಲ ಪೂರ್ತಿ ನನ್ನದು, ತೋಟದಲ್ಲಿ ಅರ್ಧ ನನ್ನದು" ಎಂದನು. ಹಿರಿಯನು, "ಹೊಲದಲ್ಲಿಯೂ ಅರ್ಧ, ತೋಟದಲ್ಲಿಯೂ ಅರ್ಧ" ಎಂದನು. ಇಬ್ಬರೂ ಸುಳ್ಳಾಡುವವರಲ್ಲ. ಇಬ್ಬರೂ ಅದೇ ವಾಕ್ಯವನ್ನು ಓದಿಯೇ ಹಾಗೆ ಹೇಳಿದರು. ಕಾಗದವನ್ನು ನನ್ನ ಮುಂದೆ ತಂದಿಟ್ಟಾಗ, ಬರೆದ ನಾನೇ ಅದರ ಅರ್ಥವನ್ನು ನಿಶ್ಚಯವಾಗಿ ಹೇಳಲಾರದೆ ಹೋದೆನು. "ಅರ್ಧಭಾಗ" ಎಂಬ ಮಾತು ತೋಟಕ್ಕೆ ಮಾತ್ರ ಅನ್ವಯಿಸುತ್ತದೆಯೋ, ಹೊಲ ತೋಟಗಳೆರಡಕ್ಕೂ ಅನ್ವಯಿಸುತ್ತದೆಯೋ ಎಂಬುದನ್ನು ನನ್ನ ವಾಕ್ಯವು ಹೇಳುತ್ತಿರಲಿಲ್ಲ. "ಹೊಲ ಪೂರ್ತಿ ಕಿರಿಯನಿಗೆ. ತೋಟದಲ್ಲಿ ಅರ್ಧ ಕಿರಿಯನಿಗೆ" ಎಂದು ಎರಡು ವಾಕ್ಯ ಬರೆದಿದ್ದರೆ ಸಾಕಾಗಿತ್ತು. ಅಥವಾ "ಹೊಲದ ಅರ್ಧವೂ ತೋಟದ ಅರ್ಧವೂ" ಎಂದು ಬರೆದಿದ್ದರೂ ಸಾಕಾಗಿತ್ತು. ಎರಡು ಮನೆಗಳ ನಡುವೆ ನಿಂತ ಗೋಡೆಗೆ ನನ್ನ ಒಂದು ವಾಕ್ಯವೇ ಅಡಿಗಲ್ಲಾಯಿತು.

ಈ ಬಗೆಯ ಸಂದೇಹವು ಹೊಸದಲ್ಲ. ಕ್ರಿಸ್ತಪೂರ್ವದಲ್ಲಿ ಪಾಣಿನಿಯ ವ್ಯಾಕರಣಕ್ಕೆ ಮಹಾಭಾಷ್ಯವನ್ನು ಬರೆದ ಪತಂಜಲಿಯು, ವ್ಯಾಕರಣವನ್ನು ಏಕೆ ಕಲಿಯಬೇಕೆಂಬ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡು ಐದು ಪ್ರಯೋಜನಗಳನ್ನು ಹೇಳುತ್ತಾನೆ: ರಕ್ಷಾ, ಊಹ, ಆಗಮ, ಲಘು, ಅಸಂದೇಹ. ಕೊನೆಯದಾದ ಅಸಂದೇಹಕ್ಕೆ ಅವನು ಕೊಡುವ ಉದಾಹರಣೆ 'ಸ್ಥೂಲಪೃಷತೀ' ಎಂಬ ಸಮಾಸಪದ. ಹಸುವೊಂದನ್ನು ಹೀಗೆ ಕರೆದರೆ ಹಸುವೇ ದಪ್ಪನಾಗಿದ್ದು ಚುಕ್ಕೆಗಳುಳ್ಳದ್ದೋ, ಅಥವಾ ಅದರ ಮೈಮೇಲಿನ ಚುಕ್ಕೆಗಳು ದಪ್ಪನಾಗಿವೆಯೋ ಎಂಬ ಸಂದೇಹ ಬರುತ್ತದೆ. ವೇದದಲ್ಲಿ ಸ್ವರವು, ಎಂದರೆ ಉಚ್ಚಾರದ ಏರಿಳಿತವು, ಈ ಸಂದೇಹವನ್ನು ಬಿಡಿಸುತ್ತದೆ. ಆದರೆ ವ್ಯಾಕರಣ ಬಲ್ಲವನಿಗೆ ಮಾತ್ರ ಅದು ತಿಳಿಯುತ್ತದೆ ಎಂಬುದು ಪತಂಜಲಿಯ ಮಾತಿನ ಸಾರ. ನನ್ನ ಹೊಲ ತೋಟಗಳ ಕತೆಯೂ ಇದೇ ಅಲ್ಲವೇ? ದನಿಯು ಬಾಯಲ್ಲಿ ಮಾಡುವ ಕೆಲಸವನ್ನು ಕಾಗದದ ಮೇಲೆ ಯಾವುದೋ ಒಂದು ಚಿಹ್ನೆಯೋ, ಪದಗಳ ಸರಿಯಾದ ಜೋಡಣೆಯೋ ಮಾಡಲೇಬೇಕು. ಎರಡೂ ಇಲ್ಲದಿದ್ದರೆ ಸಂದೇಹವೇ ಗತಿ.

ನಮ್ಮ ಹಿರಿಯರ ಓಲೆಗರಿಗಳಲ್ಲಿ ಇಂದಿನ ಲೇಖನಚಿಹ್ನೆಗಳಿರಲಿಲ್ಲ. ಪದ ಪದಗಳ ನಡುವೆ ತೆರಪು ಬಿಡದೆ ಸಾಲುಗಟ್ಟಿ ಬರೆಯುತ್ತಿದ್ದರು. ಹೆಚ್ಚೆಂದರೆ ಒಂದು ದಂಡ, ಎರಡು ದಂಡಗಳ ಗೆರೆ. ಬಿಡಿಸಿ ಓದುವ ಹೊಣೆಯನ್ನು ಪಾಠ ಹೇಳುವ ಗುರು ಹೊರುತ್ತಿದ್ದನು. ಅಚ್ಚಿನ ಮನೆ ಬಂದ ಮೇಲೆ ಪುಸ್ತಕವು ಗುರುವಿಲ್ಲದ ಮನೆಗೂ ಹೋಗತೊಡಗಿತು. ವಿಲಿಯಂ ಕೇರಿಯು ಕನ್ನಡ ವ್ಯಾಕರಣವನ್ನು 1817ರಲ್ಲಿ ಶ್ರೀರಾಮಪುರದಲ್ಲಿ ಅಚ್ಚು ಮಾಡಿಸಿದನು. ಹರ್ಮನ್ ಮೋಗ್ಲಿಂಗನ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಟಿತು. ಇಂಥ ಮುದ್ರಣಗಳ ಹಿಂದೆಯೇ ಪೂರ್ಣವಿರಾಮ, ಅಲ್ಪವಿರಾಮ, ಪ್ರಶ್ನಾರ್ಥಕ ಮೊದಲಾದ ಚಿಹ್ನೆಗಳು ಕನ್ನಡದಲ್ಲಿ ನೆಲೆಯೂರಿದವು. ಫ. ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಅರಸಿ ತಂದು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದಾಗ ಮಾಡಿದ ಉಪಕಾರವನ್ನು ಈ ದೃಷ್ಟಿಯಿಂದಲೂ ನೆನೆಯಬೇಕು. ಗರಿಯ ಮೇಲೆ ಒಂದೇ ಹರಿವಾಗಿದ್ದ ಅಕ್ಷರಗಳು ಸಾಮಾನ್ಯ ಓದುಗನ ಕಣ್ಣಿಗೆ ಪದಗಳಾಗಿ, ವಾಕ್ಯಗಳಾಗಿ ಕಾಣಿಸಿದವು. ಚಿಹ್ನೆಗಳು ಹೊರಗಿನಿಂದ ಬಂದವೆಂದು ಅವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಗುರುವಿನ ದನಿ ಇಲ್ಲದ ಕಡೆ ಅವು ಆ ದನಿಯ ಕೆಲಸವನ್ನು ಮಾಡುತ್ತವೆ.

ಹಾಗಾದರೆ ಸ್ಪಷ್ಟವಾಗಿ ಬರೆಯಬೇಕೆನ್ನುವವನು ಪಾಲಿಸಬೇಕಾದ ನಿಯಮಗಳಾವುವು? ಅವು ಹೆಚ್ಚಿಲ್ಲ, ಕಠಿಣವೂ ಅಲ್ಲ. ಒಂದೊಂದರ ಹಿಂದೆಯೂ ಓದುಗನ ಹಿತವೊಂದು ಇದೆಯೆಂಬುದನ್ನು ಮಾತ್ರ ಗಮನಿಸಬೇಕು.

ಮೊದಲನೆಯದು ಅಕ್ಷರಶುದ್ಧಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳ ಅಂತರವೇ ಅರ್ಥದ ಅಂತರ. ಕೆರೆಯಲ್ಲಿ ನೀರಿರುತ್ತದೆ; ಕೇರೆ ಹರಿದಾಡುವ ಹಾವು. ಒತ್ತೊಂದು ಹೆಚ್ಚಾದರೆ ಕತೆಯು ಕತ್ತೆಯಾಗುತ್ತದೆ. ಲಕಾರ ಳಕಾರಗಳು ಅದಲುಬದಲಾದರೆ ಹಳ್ಳಿಯು ಹಲ್ಲಿಯಾಗುತ್ತದೆ. ಇವು ನಗೆಯ ಮಾತುಗಳೆನಿಸಬಹುದು. ಆದರೆ ಔಷಧದ ಚೀಟಿಯಲ್ಲಿಯೋ ಸಾಲದ ಪತ್ರದಲ್ಲಿಯೋ ಒಂದು ಅಕ್ಷರ ತಪ್ಪಿದಾಗ ಯಾರೂ ನಗಲಾರರು.

ಎರಡನೆಯದು ವಾಕ್ಯದ ಅನ್ವಯ. ಕನ್ನಡ ವಾಕ್ಯದ ಬಾಗಿಲು ಅದರ ಕೊನೆಯಲ್ಲಿದೆ. ಕ್ರಿಯಾಪದ ಬರುವವರೆಗೆ ಓದುಗನು ಕರ್ತೃ, ಕರ್ಮ, ವಿಶೇಷಣಗಳನ್ನೆಲ್ಲ ಮನಸ್ಸಿನಲ್ಲಿ ಹೊತ್ತು ನಡೆಯಬೇಕು. 'ಇಲ್ಲ' ಎಂಬ ನಿಷೇಧವೂ ಕೊನೆಯಲ್ಲಿಯೇ ಬರುವುದರಿಂದ, ಐವತ್ತು ಪದಗಳ ವಾಕ್ಯವನ್ನು ಬರೆದರೆ ತನಗೆ ದೊರೆತುದು ವರವೋ ನಿರಾಕರಣೆಯೋ ಎಂಬುದು ಅವನಿಗೆ ಕಟ್ಟಕಡೆಯವರೆಗೂ ತಿಳಿಯುವುದಿಲ್ಲ. ಇಷ್ಟು ಹೊರೆಯನ್ನು ಅವನ ತಲೆಯ ಮೇಲೆ ಹೊರಿಸುವ ಅಧಿಕಾರ ನಮಗಿಲ್ಲ. ಒಂದು ವಾಕ್ಯಕ್ಕೆ ಒಂದು ಮುಖ್ಯ ವಿಚಾರ ಸಾಕು. ಎರಡನೆಯ ವಿಚಾರಕ್ಕೆ ಎರಡನೆಯ ವಾಕ್ಯವಿದೆ.

ಮೂರನೆಯದು ಸರ್ವನಾಮದ ಎಚ್ಚರ. 'ಅವನು', 'ಅದು' ಎಂದು ಬರೆದಾಗ ಯಾರು, ಯಾವುದು ಎಂಬುದು ಬರೆಯುವವನಿಗೆ ಗೊತ್ತಿರುತ್ತದೆ, ಓದುವವನಿಗೂ ಗೊತ್ತಿರಬೇಕು. ಈ ವಿಷಯದಲ್ಲಿ ಕನ್ನಡಕ್ಕೆ ಒಂದು ವಿಶೇಷ ಸಂಪತ್ತಿದೆ. "ಅಣ್ಣನು ತಮ್ಮನಿಗೆ ತನ್ನ ಹೊಲವನ್ನು ತೋರಿಸಿದನು" ಎಂದರೆ ಹೊಲ ಅಣ್ಣನದು. "ಅವನ ಹೊಲವನ್ನು ತೋರಿಸಿದನು" ಎಂದರೆ ತಮ್ಮನದು, ಅಥವಾ ಮೂರನೆಯವನದು. 'ತಾನು' ಎಂಬ ಒಂದು ಪದವು ಎಷ್ಟು ವ್ಯಾಜ್ಯಗಳನ್ನು ತಡೆಯಬಲ್ಲುದು! ಇದ್ದ ಸಂಪತ್ತನ್ನು ಬಳಸದೆ 'ತನ್ನ', 'ಅವನ'ಗಳನ್ನು ಬೆರಸಿಬಿಡುವುದು ಅಲಕ್ಷ್ಯವಲ್ಲದೆ ಬೇರೇನೂ ಅಲ್ಲ.

ನಾಲ್ಕನೆಯದು ವಿರಾಮ. "ನಿನ್ನೆ ಬಂದ ಗೌಡರ ಮಗ" ಎಂದಾಗ ಬಂದವನು ಗೌಡನೋ ಮಗನೋ? "ನಿನ್ನೆ ಬಂದ, ಗೌಡರ ಮಗ" ಎಂದು ಅಲ್ಪವಿರಾಮವಿಟ್ಟರೆ ಬಂದವನು ಮಗನೆಂದು ತಿಳಿಯುತ್ತದೆ. "ಗೌಡರ ಮಗ ನಿನ್ನೆ ಬಂದಿದ್ದನು" ಎಂದು ಜೋಡಣೆಯನ್ನೇ ಬದಲಿಸಿದರೆ ಇನ್ನೂ ಉತ್ತಮ. ಚಿಹ್ನೆಯನ್ನು ನೆಚ್ಚಿ ಜೋಡಣೆಯನ್ನು ಮರೆಯಬಾರದು. ಪ್ರತಿ ಮೂರನೆಯ ಪದಕ್ಕೂ ಅಲ್ಪವಿರಾಮವನ್ನು ಚೆಲ್ಲಿ ವಾಕ್ಯವನ್ನು ಕುಂಟಿಸಲೂಬಾರದು. ಆಶ್ಚರ್ಯಸೂಚಕ ಚಿಹ್ನೆಗಳನ್ನು ಸಾಲಾಗಿ ನಿಲ್ಲಿಸುವವನು ತನ್ನ ಮಾತಿನ ಬಲದಲ್ಲಿ ತನಗೇ ನಂಬಿಕೆಯಿಲ್ಲವೆಂದು ತೋರಿಸಿಕೊಳ್ಳುತ್ತಾನೆ.

ಐದನೆಯದು ಪದಗಳ ಆಯ್ಕೆ. "ಮಳೆ ಬಂದಿತು" ಎನ್ನಬೇಕಾದ ಕಡೆ "ವರ್ಷಧಾರೆಯ ಆಗಮನವಾಯಿತು" ಎನ್ನುವುದರಿಂದ ಒಂದು ಹನಿಯೂ ಹೆಚ್ಚಾಗಿ ಬೀಳುವುದಿಲ್ಲ. "ಪರಿಶೀಲಿಸಿದರು" ಎನ್ನುವ ಬದಲು "ಪರಿಶೀಲನಾ ಕಾರ್ಯವನ್ನು ಕೈಗೊಂಡರು" ಎಂದರೆ ಪದಗಳು ಬೆಳೆದುವೇ ಹೊರತು ಪರಿಶೀಲನೆ ಬೆಳೆಯಲಿಲ್ಲ. ವಿಷಯವು ಬೇಡುವ ಸಂಸ್ಕೃತ ಪದವನ್ನು ಬಿಡಬೇಕಾಗಿಲ್ಲ. ಬರೆಯುವವನ ಹಿರಿಮೆ ಬೇಡುವ ಪದವನ್ನು ಬಿಡಬೇಕು.

ಇಲ್ಲಿಯವರೆಗೆ ಹೇಳಿದವು ಅಜಾಗ್ರತೆಯ ದೋಷಗಳು. ಇವುಗಳಿಗಿಂತ ಗಂಭೀರವಾದ ಇನ್ನೊಂದು ದೋಷವಿದೆ. ಅದು ಬೇಕೆಂದೇ ಮಾಡುವ ಅಸ್ಪಷ್ಟತೆ. ಕರ್ತರಿ ಪ್ರಯೋಗದಲ್ಲಿ ಮಾಡಿದವನು ಕಾಣುತ್ತಾನೆ: "ನಾನು ಅರ್ಜಿಯನ್ನು ತಿರಸ್ಕರಿಸಿದೆನು." "ಅರ್ಜಿಯನ್ನು ತಿರಸ್ಕರಿಸಲಾಗಿದೆ" ಎಂದೊಡನೆ ತಿರಸ್ಕಾರ ಉಳಿಯುತ್ತದೆ, ತಿರಸ್ಕರಿಸಿದವನು ಮಾಯವಾಗುತ್ತಾನೆ. ಅಂದಿನ ಮೈಸೂರು ರಾಜ್ಯದಲ್ಲಿ 1963ರಲ್ಲಿ ಕನ್ನಡವನ್ನು ಆಡಳಿತದ ಭಾಷೆಯನ್ನಾಗಿ ಮಾಡುವ ಅಧಿನಿಯಮ ಬಂದಿತು. ಜನರ ನುಡಿಯಲ್ಲಿ ಆಡಳಿತ ನಡೆದರೆ ಅದು ಜನರಿಗೆ ತಿಳಿಯುವುದೆಂಬುದೇ ಅಂಥ ಪ್ರಯತ್ನಗಳ ಹಿಂದಿನ ಆಶಯ. ಆದರೆ 'ಸೂಚಿಸಲಾಗಿದೆ', 'ಪರಿಗಣಿಸಲಾಗುವುದು', 'ಕ್ರಮ ಕೈಗೊಳ್ಳಲಾಗುತ್ತಿದೆ' ಎಂಬ ಮಾತುಗಳ ಹಿಂದೆ ಯಾರು, ಎಂದು, ಏನು ಮಾಡುವರೆಂಬುದನ್ನು ಹುಡುಕಿ ಬಳಲಿದ ಬಡವನಿಗೆ, ಕನ್ನಡದಲ್ಲಿ ಬಂದ ಕಾಗದವೂ ಪರಭಾಷೆಯ ಕಾಗದವಾಗಿಯೇ ಉಳಿಯುತ್ತದೆ.

ಈ ರೋಗ ಕನ್ನಡಕ್ಕೆ ಮಾತ್ರ ತಗಲಿದುದಲ್ಲ. ಆಂಗ್ಲ ಲೇಖಕನಾದ ಜಾರ್ಜ್ ಆರ್ವೆಲ್ಲನು ರಾಜಕಾರಣ ಮತ್ತು ಇಂಗ್ಲಿಷ್ ಭಾಷೆಯ ಸಂಬಂಧವನ್ನು ಕುರಿತು 1946ರಲ್ಲಿ ಬರೆದ ಪ್ರಬಂಧದಲ್ಲಿ, ನಿರಾಯುಧ ಹಳ್ಳಿಗಳ ಮೇಲೆ ಬಾಂಬು ಸುರಿಸುವುದಕ್ಕೆ 'ಶಾಂತಿಸ್ಥಾಪನೆ' ಎಂಬ ಹೆಸರು ಬಂದುದನ್ನು ತೋರಿಸಿದನು. ಕರ್ತರಿ ಪ್ರಯೋಗ ಸಾಧ್ಯವಿರುವಲ್ಲಿ ಕರ್ಮಣಿಯನ್ನು ಬಳಸಬಾರದೆಂಬುದು ಅವನು ಹೇಳಿದ ಆರು ನಿಯಮಗಳಲ್ಲಿ ಒಂದು. ಕ್ರೂರವಾದ ಕೆಲಸಕ್ಕೆ ಮಂಜಿನಂಥ ಭಾಷೆಯ ಮುಸುಕು ಬೇಕಾಗುತ್ತದೆ. ಕರ್ಮಣಿ ಪ್ರಯೋಗವೇ ಪಾಪವೆಂದು ಇದರ ಅರ್ಥವಲ್ಲ. ಮಾಡಿದವನು ಯಾರೆಂದು ತಿಳಿಯದಿದ್ದಾಗ, ತಿಳಿಸುವ ಅಗತ್ಯವಿಲ್ಲದಿದ್ದಾಗ ಅದು ಸಹಜವಾಗಿಯೇ ಇರುತ್ತದೆ. ಹೊಣೆಯಿಂದ ನುಣುಚಿಕೊಳ್ಳಲು ಅದನ್ನು ಆಶ್ರಯಿಸುವುದು ಮಾತ್ರ ಅನೀತಿ.

ಈ ಸಂದರ್ಭದಲ್ಲಿ ಶರಣರ ವಚನಗಳ ಅಂಕಿತವು ನೆನಪಾಗುತ್ತದೆ. ಓಲೆಗರಿಯ ಮೇಲೆ ವಚನವೊಂದು ಎಲ್ಲಿ ಮುಗಿಯಿತೆಂಬುದನ್ನು ತೋರಿಸುವ ಗುರುತು ಅದು. ಕೂಡಲಸಂಗಮದೇವ ಎಂದರೆ ಬಸವಣ್ಣನವರ ವಚನ, ಗುಹೇಶ್ವರ ಎಂದರೆ ಅಲ್ಲಮಪ್ರಭುಗಳದು, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕಮಹಾದೇವಿಯದು. ಆಡಿದವರು ಯಾರೆಂಬುದು ಅದರಿಂದ ತಿಳಿಯುತ್ತದೆ. ಆದರೆ ಅಲ್ಲಿರುವುದು ಅವರ ಸ್ವಂತ ಹೆಸರಲ್ಲ, ಅವರು ನಂಬಿದ ದೈವದ ಹೆಸರು. ಆಡಿದ ಮಾತಿಗೆ ದೈವವನ್ನೇ ಸಾಕ್ಷಿಯಾಗಿ ನಿಲ್ಲಿಸಿದಂತಾಯಿತು. ತನ್ನ ಹೆಸರನ್ನು ಮೆರೆಸದೆ, ತನ್ನ ಹೊಣೆಯನ್ನೂ ಮರೆಸದೆ ನುಡಿಯುವ ಈ ರೀತಿಯು ಬರೆಯುವವರಿಗೆಲ್ಲ ಮಾದರಿ. 'ಲಾಗಿದೆ' ಎಂದು ಮುಗಿಯುವ ವಾಕ್ಯಕ್ಕೆ ಅಂಕಿತವಿಲ್ಲ, ಸಾಕ್ಷಿಯೂ ಇಲ್ಲ.

ಇಲ್ಲಿ ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕಾಗಿದೆ. ವ್ಯಾಕರಣದ ಹೆಸರಿನಲ್ಲಿ ಕಲಿತವರು ಕಲಿಯದವರನ್ನು ಹೀಯಾಳಿಸಿದ್ದಾರೆ. ಆದುದರಿಂದ ನಿಯಮಗಳ ಗೊಡವೆಯೇ ಬೇಡ ಎಂಬುದು ಮೊದಲನೆಯದು. ಇದರಲ್ಲಿ ಸತ್ಯವಿದೆ. ಹಕ್ಕಿಗೆ 'ಅಕ್ಕಿ' ಎಂದ ಹಳ್ಳಿಯ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ ನಗಿಸಿದ ಉಪಾಧ್ಯಾಯನು ವ್ಯಾಕರಣವನ್ನು ಕಲಿಸಲಿಲ್ಲ, ನಾಚಿಕೆಯನ್ನು ಕಲಿಸಿದನು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ, ಕ್ರಮವಾಗಿ ಓದದಿದ್ದರೂ ಕಾವ್ಯಪ್ರಯೋಗದಲ್ಲಿ ನಿಪುಣರಾದವರೆಂದು ಕನ್ನಡ ನಾಡಿನ ಜನರನ್ನು ಕೊಂಡಾಡಿದೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಇವರು ತಮ್ಮ ತಮ್ಮ ಕಾಯಕದ ನುಡಿಯಲ್ಲಿಯೇ ಮಾತನಾಡಿದರು. ಅವರ ಮಾತು ಎಂಟುನೂರು ವರ್ಷಗಳಾಚೆಯಿಂದ ಇಂದಿಗೂ ನಮಗೆ ಮುಟ್ಟುತ್ತಿದೆ. ಆಡುನುಡಿಗೆ ವ್ಯಾಕರಣವಿಲ್ಲವೆಂಬುದು ತಪ್ಪು ತಿಳಿವಳಿಕೆ.

ಆದುದರಿಂದ ನಿಯಮಗಳಲ್ಲಿಯೇ ಎರಡು ಬಗೆಯೆಂದು ತಿಳಿಯಬೇಕು. ಓದುಗನಿಗೆ ದಾರಿ ತೋರುವ ನಿಯಮಗಳು ಒಂದು ಬಗೆ. ಬಲ್ಲವರ ಗುಂಪಿನ ಗುರುತಾಗಿ ಉಳಿದಿರುವ ನಿಯಮಗಳು ಇನ್ನೊಂದು ಬಗೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಕನ್ನಡ ಪದಕ್ಕೂ ಸಂಸ್ಕೃತ ಪದಕ್ಕೂ ಸಮಾಸ ಮಾಡುವುದನ್ನು ಅರಿಸಮಾಸವೆಂದು ನಿಷೇಧಿಸಿದನು. ಆದರೆ ಹಿಂದಿನ ಕವಿಗಳ ಪ್ರಯೋಗದಲ್ಲಿದ್ದುದನ್ನು ಅವನೂ ಒಪ್ಪಿಕೊಳ್ಳಬೇಕಾಯಿತು. ಬಳಕೆಯು ಒಪ್ಪಿದುದನ್ನು ಸೂತ್ರವು ತಡೆಯಲಾರದು. ಎರಡನೆಯ ಬಗೆಯ ನಿಯಮ ಮೀರಿದರೆ ಪಂಡಿತನ ಹುಬ್ಬು ಗಂಟಿಕ್ಕುತ್ತದೆ, ಅಷ್ಟೆ. ಮೊದಲನೆಯ ಬಗೆಯದನ್ನು ಮೀರಿದರೆ ಓದುಗನು ದಾರಿ ತಪ್ಪುತ್ತಾನೆ. ಯಾವ ನಿಯಮವೇ ಆಗಲಿ, ಅದು ಬರೆಯುವವನು ತನಗೆ ತಾನೇ ಹಾಕಿಕೊಳ್ಳುವ ಕಟ್ಟಾಗಬೇಕು. ಇನ್ನೊಬ್ಬನ ಬೆನ್ನಿಗೆ ಬೀಸುವ ಚಾವಟಿಯಾಗಬಾರದು. ಬರಹ ಬಾರದವನ ಅರ್ಜಿಯನ್ನು ಓದುವಾಗ ಉದಾರಿಗಳಾಗಿರೋಣ. ನಮ್ಮ ಉತ್ತರವನ್ನು ಬರೆಯುವಾಗ ಕಠಿಣರಾಗಿರೋಣ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ಸ್ಪಷ್ಟತೆಯೇ ಧರ್ಮವಾದರೆ ಅಲ್ಲಮಪ್ರಭುಗಳ ಬೆಡಗಿನ ವಚನಗಳ ಗತಿಯೇನು? ಅವು ಒಂದು ಓದಿಗೆ ಬಿಚ್ಚಿಕೊಳ್ಳುವುದಿಲ್ಲವಲ್ಲ! ನಿಜ. ಆದರೆ ಬೆಡಗಿನ ವಚನವೊಂದನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದರ ವಾಕ್ಯಗಳಲ್ಲಿ ಯಾವ ಗೊಂದಲವೂ ಇರುವುದಿಲ್ಲ. ಕರ್ತೃ ಯಾವುದು, ಕ್ರಿಯೆ ಯಾವುದು ಎಂಬುದು ಮಗುವಿಗೂ ತಿಳಿಯುತ್ತದೆ. ಕಠಿಣವಾಗಿರುವುದು ಆ ವಾಕ್ಯವು ತೋರುವ ಅನುಭವ. ಆಳವಾದ ಬಾವಿಯ ನೀರು ತಿಳಿಯಾಗಿಯೇ ಇರುತ್ತದೆ. ತಳ ಕಾಣದಿರುವುದು ಆಳದಿಂದ. ಮೊಣಕಾಲುದ್ದದ ಹೊಂಡದಲ್ಲಿಯೂ ತಳ ಕಾಣುವುದಿಲ್ಲ, ಅದು ಕೆಸರಿನಿಂದ. ವಿಷಯದ ಆಳವನ್ನು ಗೌರವಿಸೋಣ. ನಮ್ಮ ಕೆಸರನ್ನು ಆಳವೆಂದು ತೋರಿಸುವುದು ಬೇಡ.

ಕೊನೆಯದಾಗಿ, ಇದನ್ನೆಲ್ಲ ಆಚರಣೆಗೆ ತರುವ ಬಗೆ ಸುಲಭವಾಗಿದೆ. ಬರೆದುದನ್ನು ಒಂದು ರಾತ್ರಿ ಹಾಗೆಯೇ ಬಿಡಬೇಕು. ಮರುದಿನ ಗಟ್ಟಿಯಾಗಿ ಓದಬೇಕು. ಉಸಿರು ಸಾಲದ ಕಡೆ ವಾಕ್ಯ ಉದ್ದವಾಗಿದೆಯೆಂದು ತಿಳಿಯಬೇಕು. ಆಮೇಲೆ ಆ ವಿಷಯ ತಿಳಿಯದ ಒಬ್ಬರಿಂದ ಓದಿಸಿ, "ನಿಮಗೆ ಏನು ತಿಳಿಯಿತು?" ಎಂದು ಕೇಳಬೇಕು. ಅವರು ಬೇರೆ ಅರ್ಥ ಹೇಳಿದರೆ ಅವರನ್ನು ತಿದ್ದದೆ ವಾಕ್ಯವನ್ನು ತಿದ್ದಬೇಕು. ಇಷ್ಟಕ್ಕೆ ಪಾಂಡಿತ್ಯ ಬೇಕಾಗಿಲ್ಲ; ಓದುವವನೂ ನನ್ನಂತೆಯೇ ಒಬ್ಬ ಮನುಷ್ಯನೆಂಬ ಅರಿವು ಇದ್ದರೆ ಸಾಕು.

ಅಂದು ಪಾಲಿನ ಕಾಗದವನ್ನು ಬರೆದ ಮೇಲೆ ನಾನು ಅದನ್ನು ಅಣ್ಣತಮ್ಮಂದಿರಿಬ್ಬರ ಕೈಗೂ ಕೊಟ್ಟು, "ನಿಮಗೆ ಏನು ತಿಳಿಯಿತು?" ಎಂದು ಕೇಳಲಿಲ್ಲ. ಅಕ್ಷರಗಳು ದುಂಡಾಗಿವೆಯೆಂದು ಹಿರಿಯರು ಹೊಗಳಿದುದನ್ನು ಕೇಳಿ ಹಿಗ್ಗಿದೆನು. ಆ ಎರಡು ಮನೆಗಳವರು ಇಂದಿಗೂ ಒಬ್ಬರ ಮದುವೆಗೆ ಒಬ್ಬರು ಹೋಗುವುದಿಲ್ಲ. ಬರವಣಿಗೆಯೂ ಒಂದು ಕಾಯಕ. ನೇಯುವವನು ಎಳೆ ತಪ್ಪಿದ ಬಟ್ಟೆಯನ್ನು ಸಂತೆಗೆ ಒಯ್ಯಲು ನಾಚುವಂತೆ, ಬರೆಯುವವನು ಎರಡರ್ಥದ ವಾಕ್ಯವನ್ನು ಇನ್ನೊಬ್ಬರ ಕೈಗೆ ಕೊಡಲು ನಾಚಬೇಕು. ಆ ನಾಚಿಕೆಯಿಂದಲೇ ಬರವಣಿಗೆಯ ನೀತಿ ಆರಂಭವಾಗುತ್ತದೆ.